ಪಂಜರಕ್ಕೆ ಒಂದು ಗೀರೂ ಬಿದ್ದಿಲ್ಲ

ಕಿಡಿಯ ಭಾವ ವಾರಕ್ಕೆ ಆರು ದಿನ ಜನರಿಗೆ ನಿಧಾನವಾಗಿ ಹೋಗುವುದನ್ನು ಕಲಿಸುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಮಾಸ್ತರರಿಗೆ ಬೇರೇನು ಕೆಲಸ? ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಸದಾ ಪಾದ ಇಟ್ಟುಕೊಂಡು, "ನಿಧಾನ ಕಣಮ್ಮಾ, ನಿಧಾನ. ಹಿಂದೆ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಎಂದು ಇಪ್ಪತ್ತೆರಡು ವರ್ಷ ಹೇಳಿಕೊಂಡು ಬಂದವರು. ಅವರ ಕಾರಿಗೆ ಐದನೇ ಗೇರು ಇತ್ತೋ ಇಲ್ಲವೋ ಅವರಿಗೇ ಖಚಿತವಿರಲಿಲ್ಲ. ಇಂಥ ಮನುಷ್ಯ ಒಂದು ಭಾನುವಾರ ಹಳೆಯ ಶಿಷ್ಯನೊಬ್ಬ ಕರೆದನೆಂದು ರೇಸ್ ಟ್ರ್ಯಾಕಿಗೆ ಹೋದರು. ನಮ್ಮ ನಿಮ್ಮಂಥವರೇ ತಮ್ಮ ತಮ್ಮ ಕಾರು ತಂದು, ಹೆಲ್ಮೆಟ್ ಹಾಕಿಕೊಂಡು, ಆಸೆ ತೀರುವಷ್ಟು ಓಡಿಸಿ ಮನೆಗೆ ಹೋಗುವುದನ್ನು ನೋಡಿದರು. ಸಂಜೆ ವಾಪಸು ಬಂದಾಗ ಅವರದು ಹೊಸ ಮದುಮಗನ ಮುಖ. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ. ಭಾವ ಎಂಟು ವರ್ಷ ಮುಂಚಿತವಾಗಿಯೇ ಅದನ್ನು ಮುಗಿಸಿಕೊಂಡರು.

ತಿಂಗಳೊಳಗೆ ಮೂರು ಕೈ ದಾಟಿದ ಒಂದು ಪುಟ್ಟ ಕಾರು ಕೊಂಡು, ಅದನ್ನು ಎರಡನೇ ಗೇರಿನಲ್ಲಿ ಓಡಿಸಿಕೊಂಡು ಕಿಡಿಯ ಶೆಡ್ಡಿಗೆ ಬಂದರು.

ಕಿಡಿ ಅವರ ಹೆಂಡತಿಯ ತಮ್ಮ. ವೆಲ್ಡರ್. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಕೆಲಸ ಮಾಡಿದರೂ ಕಿಡಿ, ಬಾಯಿ ತೆರೆದರೂ ಕಿಡಿ ಹಾರುತ್ತಿದ್ದುದರಿಂದ ಆ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ತಗಡಿನ ಶೆಡ್ಡು. ಗೇಟು, ಕಿಟಕಿ ಸರಳು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಮೆಟ್ಟಿಲ ಕಂಬಿ. ಹದಿನೆಂಟು ವರ್ಷದಲ್ಲಿ ಬಂದವರೆಲ್ಲ ಕೇಳಿದ ಪ್ರಶ್ನೆ ಒಂದೇ, "ಯಾವತ್ತು ಕೊಡ್ತೀಯಾ?" ಹೇಗೆ ಮಾಡಿದ್ದೀಯಾ ಎಂದು ಕೇಳಿದವರೇ ಇಲ್ಲ. ಗೇಟಿನ ಬೆಸುಗೆಯನ್ನು ಯಾರು ಬಗ್ಗಿ ನೋಡುತ್ತಾರೆ ಹೇಳಿ? ಅದಕ್ಕೆ ಬಣ್ಣ ಬಳಿಯುತ್ತಾರೆ, ನಾಯಿ ಕಟ್ಟುತ್ತಾರೆ.

"ಇದಕ್ಕೊಂದು ಕೇಜ್ ಬೇಕು ಕಣೋ," ಎಂದರು ಭಾವ, ಕಾರಿನ ಮಾಡನ್ನು ತಟ್ಟಿ.

"ಯಾಕೆ, ಹಕ್ಕಿ ಸಾಕ್ತೀರಾ?"

"ರೋಲ್ ಕೇಜ್ ಮಾರಾಯ! ಕಾರು ಪಲ್ಟಿ ಹೊಡೆದ್ರೆ ಮಾಡು ಕುಸಿದು ಒಳಗಿರೋರು ಅಪ್ಪಚ್ಚಿ ಆಗ್ಬಾರ್ದು ಅಂತ ಒಳಗಡೆ ಉಕ್ಕಿನ ಪೈಪಲ್ಲಿ ಪಂಜರ ಕಟ್ತಾರಲ್ಲ, ಅದು."

"ಭಾವ, ನೀವು ಹೋಗೋ ಸ್ಪೀಡಿಗೆ ಕಾರು ಪಲ್ಟಿ ಹೊಡೀಬೇಕಂದ್ರೆ ನಾಲ್ಕು ಜನ ಸೇರಿ ಎತ್ತಿ ಮಗುಚ್ಬೇಕು."

ಭಾವನಿಗೆ ಕೋಪ ಬಂತು. ಸುರಕ್ಷತೆಯ ಬಗ್ಗೆ ಒಂದು ಪಾಠವನ್ನೇ ಒಪ್ಪಿಸಿದರು. ಬೋರ್ಡು ಇದ್ದಿದ್ದರೆ ಚಿತ್ರವನ್ನೂ ಬರೆಯುತ್ತಿದ್ದರು. ಕೊನೆಗೆ ದನಿ ತಗ್ಗಿಸಿ, "ಫೋಟೋದಲ್ಲಿ ಎಲ್ಲರ ಕಾರಲ್ಲೂ ಇತ್ತು ಕಣೋ, ನಂದು ಮಾತ್ರ ಬೋಳಾಗಿ ಕಾಣತ್ತೆ" ಎಂದರು. ಅಲ್ಲಿಗೆ ಸತ್ಯ ಹೊರಗೆ ಬಿತ್ತು.

ಕಿಡಿ ಗೊಣಗಿದ. ಕೈಯಲ್ಲಿ ಮೂರು ಗೇಟು ಬಾಕಿ ಇವೆ ಎಂದ, ತನಗೆ ಇದೆಲ್ಲ ಗೊತ್ತಿಲ್ಲ ಎಂದ, ಬಾಮೈದ ಅಂದರೆ ಬಿಟ್ಟಿ ಸಿಕ್ಕವನು ಅಂದುಕೊಂಡಿದ್ದೀರಾ ಎಂದೂ ಕೇಳಿದ. ಒಳಗೊಳಗೆ ಮಾತ್ರ ಅವನ ಜೀವ ಕುಣಿಯುತ್ತಿತ್ತು. ಮನುಷ್ಯರು ಬಗ್ಗಿ ನೋಡುವಂಥ ಒಂದು ಕೆಲಸ ಹದಿನೆಂಟು ವರ್ಷದಲ್ಲಿ ಮೊದಲ ಸಲ ತಾನಾಗಿ ಬಾಗಿಲಿಗೆ ಬಂದಿತ್ತು.

ಟ್ರ್ಯಾಕಿನವರ ನಿಯಮದ ಪುಸ್ತಕವನ್ನು ತರಿಸಿಕೊಂಡು ಮೂರು ವಾರ ಓದಿದ. ಪರೀಕ್ಷೆಗೂ ಹಾಗೆ ಓದಿದವನಲ್ಲ. ಓದಿದ್ದರೆ ವೆಲ್ಡರ್ ಯಾಕಾಗುತ್ತಿದ್ದ ಎಂದು ಅಕ್ಕ ನಕ್ಕಳು. ಪೈಪು ಯಾವುದು, ಗೋಡೆ ಎಷ್ಟು ದಪ್ಪ, ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನು ಎಷ್ಟು ಎತ್ತರ, ಎಲ್ಲ ಬಾಯಿಪಾಠವಾಯಿತು. ಭಾವ ಒಮ್ಮೆ ಬಂದು ಇಣುಕಿ, "ನೀರಿನ ಪೈಪೇ ಹಾಕಿದ್ರೆ ಆಗಲ್ವಾ?" ಎಂದು ಕೇಳಿದರು.

"ಯಾಕಾಗಲ್ಲ? ಪಲ್ಟಿ ಹೊಡೆದಾಗ ನಲ್ಲಿ ತಿರುಗಿಸಿ ಮುಖ ತೊಳ್ಕೋಬಹುದು."

ಈ ಕೆಲಸದಲ್ಲಿ ಒಂದು ಕಷ್ಟವಿದೆ. ಪಂಜರ ಮಾಡಿಗೆ ಒತ್ತಿಕೊಂಡು ನಿಲ್ಲಬೇಕು. ಹಾಗೆ ನಿಂತರೆ ಪೈಪುಗಳು ಕೂಡುವ ಮೇಲಿನ ಸಂದುಗಳ ಹಿಂಭಾಗಕ್ಕೆ ಕೈ ಹೋಗುವುದಿಲ್ಲ. ಜಾಣರು ಕಾಣುವ ಮುಕ್ಕಾಲು ಭಾಗ ಬೆಸೆದು, ಕಾಣದ ಕಾಲು ಭಾಗಕ್ಕೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದು ಕೈ ತೊಳೆದುಕೊಳ್ಳುತ್ತಾರೆ. ಕಿಡಿ ಹಾಗೆ ಮಾಡಲಿಲ್ಲ. ಕಾರಿನ ನೆಲದಲ್ಲಿ ತೂತು ಕೊರೆದು, ಪಂಜರದ ಕಾಲುಗಳನ್ನು ಅದರೊಳಗೆ ಇಳಿಬಿಟ್ಟು, ಇಡೀ ಪಂಜರವನ್ನು ಒಂದು ಗೇಣು ಕೆಳಗಿಳಿಸಿದ. ಮೇಲೆ ಸಿಕ್ಕ ಜಾಗದಲ್ಲಿ ಕೈ ತೂರಿಸಿ, ಕತ್ತು ತಿರುಚಿಕೊಂಡು, ಪ್ರತಿ ಸಂದನ್ನೂ ಸುತ್ತಲೂ ಬೆಸೆದ. ಆಮೇಲೆ ಪಂಜರವನ್ನು ಎತ್ತಿ ಸ್ವಸ್ಥಾನಕ್ಕೆ ತಂದು, ತೂತುಗಳಿಗೆ ದಪ್ಪ ತಗಡು ಕೂರಿಸಿ, ಕಾಲುಗಳನ್ನು ಅದಕ್ಕೆ ಬೆಸೆದ. ತೂತು ಕೊರೆದ ದಿನ ಭಾವ ಬಂದರು, ಕಾರಿನ ನೆಲದ ಮೂಲಕ ಶೆಡ್ಡಿನ ನೆಲ ನೋಡಿದರು, ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು.

"ಕಾರು ಕೊಟ್ರೆ ಜರಡಿ ಮಾಡಿಟ್ಟಿದ್ದೀಯಲ್ಲೋ ಪಾಪಿ!"

ಬೆಸುಗೆ ಹೇಗೆ ಬಂದಿತ್ತು ಎಂದರೆ, ಅದನ್ನು ಸರಿಯಾಗಿ ಹೇಳಿದವಳು ಅಕ್ಕ. ಅಕ್ಕ ಪರದೆ ಹೊಲಿಯುತ್ತಿದ್ದಳು. ಆಸ್ಪತ್ರೆ, ಹೋಟೆಲು, ಮದುವೆ ಮಂಟಪ, ಎಲ್ಲಿಗೆ ಬೇಕಾದರೂ ಅವಳ ಪರದೆ ಹೋಗುತ್ತಿತ್ತು. ಅಮ್ಮ ತೀರಿಕೊಂಡಾಗ ಕಿಡಿಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅಲ್ಲಿಂದಾಚೆಗೆ ಅವಳೇ ಅಮ್ಮ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ: ಅಮ್ಮ ಹೊಡೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನಿಗೆ ಊಟದ ಡಬ್ಬಿ ತಂದವಳು ಕಾರಿನೊಳಗೆ ತಲೆ ಹಾಕಿ, ಕನ್ನಡಕ ಸರಿಮಾಡಿಕೊಂಡು, ಸಂದಿನ ಮೇಲೆ ಬೆರಳಾಡಿಸಿದಳು.

"ಹೊಲಿಗೆ ಸಾಲು ನೋಡೋದು ನನಗೂ ಗೊತ್ತು ಕಣೋ. ಇದು ಕಬ್ಬಿಣದಲ್ಲಿ ಹೊಲಿದಂಗಿದೆ. ಒಂದೂ ತಪ್ಪಿಲ್ಲ."

"ಸುಮ್ನಿರಕ್ಕ," ಎಂದ ಕಿಡಿ. ಅವತ್ತು ಎರಡು ತುತ್ತು ಜಾಸ್ತಿ ಉಂಡ.

ಪೈಪಿಗೆ ತಲೆ ತಾಗುವ ಜಾಗಗಳಲ್ಲಿ ಗಟ್ಟಿ ಫೋಮಿನ ಪ್ಯಾಡು ಇರಬೇಕೆಂದು ಪುಸ್ತಕ ಹೇಳಿತ್ತು. ಅದಕ್ಕೆ ಕವರು ಹೊಲಿದವಳೂ ಅಕ್ಕನೇ. "ಇದಕ್ಕೆ ಪಟ್ಟಿ ಹಚ್ಚು, ಎಳೆದ್ರೆ ಬಿಚ್ಚೋ ಹಂಗಿರ್ಲಿ. ತಪಾಸಣೆಯೋರು ಬೆಸುಗೆ ನೋಡ್ಬೇಕಲ್ಲ" ಎಂದ ಕಿಡಿ. ಅದೇನೂ ಸುಳ್ಳಲ್ಲ. ತಪಾಸಣೆಯ ದಿನದವರೆಗೆ ಅದು ಸುಳ್ಳಲ್ಲ.

ಟ್ರ್ಯಾಕಿನ ತಪಾಸಣೆಗೆ ಇದ್ದವಳು ಒಣಕಲು ಹೆಂಗಸು. ಒಂದು ಕೈಯಲ್ಲಿ ಪುಟ್ಟ ಸುತ್ತಿಗೆ, ಇನ್ನೊಂದರಲ್ಲಿ ಉದ್ದ ಕಡ್ಡಿಗೆ ಸಿಕ್ಕಿಸಿದ ಕನ್ನಡಿ. ಎಲ್ಲರೂ ಅವಳನ್ನು ಸುತ್ತಿಗೆಯಮ್ಮ ಎನ್ನುತ್ತಿದ್ದರು, ಅವಳಿಗೆ ಕೇಳಿಸದಂತೆ. ಅವಳು ಮುಂಚಿನ ಮೂರು ಕಾರುಗಳನ್ನು ಹಿಂದಕ್ಕೆ ಕಳಿಸಿ ಆಗಿತ್ತು. ಒಬ್ಬನ ಪಂಜರದಲ್ಲಿ ಪುಟ್ಟಿ ಉದುರಿತು. ಇನ್ನೊಬ್ಬನದು ಮೆಟ್ಟಿಲ ಕಂಬಿಯ ಪೈಪು. "ಇದರ ಮೇಲೆ ಬಟ್ಟೆ ಒಣಗ್ಹಾಕಿ" ಎಂದಳು. ಕಿಡಿಯ ಪಂಜರವನ್ನು ಅರ್ಧ ಗಂಟೆ ತಟ್ಟಿದಳು. ಕನ್ನಡಿಯನ್ನು ಮಾಡಿನ ಸಂದಿಗೆ ತೂರಿಸಿ ಕಾಣದ ಕಾಲು ಭಾಗವನ್ನು ಹುಡುಕಿದಳು. ಅಲ್ಲೂ ಹೊಲಿಗೆ ಹಾಗೇ ಸಾಗಿತ್ತು.

"ಯಾರು ಮಾಡಿದ್ದು?"

"ನಾನೇ," ಎಂದರು ಭಾವ, ಆಮೇಲೆ ತಿದ್ದಿಕೊಂಡು, "ಅಂದ್ರೆ, ನಾನೇ ಮಾಡಿಸಿದ್ದು."

"ಬೆಸುಗೆ ಚೆನ್ನಾಗಿದೆ," ಎಂದಳು ಸುತ್ತಿಗೆಯಮ್ಮ ಕಿಡಿಯ ಕಡೆಗೇ ನೋಡಿ. ಅವಳು ಚೆನ್ನಾಗಿದೆ ಎಂದದ್ದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲವಂತೆ. ನಾಲ್ಕಾರು ಜನ ಓಡಿ ಬಂದು, ಮೊಬೈಲು ತೆಗೆದು, ಸಂದುಗಳ ಫೋಟೋ ಹೊಡೆದುಕೊಂಡರು. ಕಿಡಿ ಕೈ ಎಲ್ಲಿಡಬೇಕೆಂದು ತೋಚದೆ ಜೇಬಿನಲ್ಲಿಟ್ಟ, ಹೊರಗೆ ತೆಗೆದ, ಮತ್ತೆ ಇಟ್ಟ.

ಭಾವ ಒಪ್ಪಿಗೆಯ ಸ್ಟಿಕ್ಕರಿನ ಜೊತೆ ಫೋಟೋ ತೆಗೆಸಿಕೊಳ್ಳಲು ಹೋದಾಗ ಅವಳು ಕಿಡಿಯನ್ನು ಪಕ್ಕಕ್ಕೆ ಕರೆದಳು.

"ಎರಡು ಮಾತು. ಪ್ಯಾಡಿಗೆ ಪಟ್ಟಿ ಸಾಲದು, ಇವತ್ತೇ ಗಮ್ಮಲ್ಲಿ ಅಂಟಿಸ್ಬಿಡು, ಯಾರೂ ಬಿಚ್ಚಬಾರ್ದು. ಇನ್ನೊಂದು, ಈ ಕಾರು ಟ್ರ್ಯಾಕಿಗಷ್ಟೇ. ಹೆಲ್ಮೆಟ್ ಹಾಕ್ಕೊಂಡೋರಿಗೆ ಇದು ಕಾವಲು. ಬೋಳು ತಲೇಲಿ ರೋಡಲ್ಲಿ ಕೂತ್ರೆ ಕಿವಿ ಪಕ್ಕ ಕಬ್ಬಿಣದ ತೊಲೆ ಇಟ್ಕೊಂಡಂಗೆ. ಸಣ್ಣ ಡಿಕ್ಕಿ ಸಾಕು. ನಿಮ್ಮನೆಯೋರಿಗೆಲ್ಲ ಹೇಳು."

"ಹೇಳ್ತೀನಮ್ಮ," ಎಂದ ಕಿಡಿ.

ಹೇಳಬಹುದಿತ್ತು. ಬಾಯಿ ಇತ್ತು, ಗಮ್ಮೂ ಇತ್ತು. ಶೆಡ್ಡಿಗೆ ಬಂದು ಒಂದು ಪ್ಯಾಡನ್ನು ಪೈಪಿಗೆ ಒತ್ತಿ ಹಿಡಿದು ನೋಡಿದ. ಅಕ್ಕ ಬೆರಳಾಡಿಸಿದ ಸಂದು, ಸುತ್ತಿಗೆಯಮ್ಮ ಮೆಚ್ಚಿದ ಸಂದು, ಜನ ಫೋಟೋ ಹೊಡೆದುಕೊಂಡ ಸಂದು, ಎಲ್ಲ ಕಪ್ಪು ಫೋಮಿನ ಹೊಟ್ಟೆಯೊಳಗೆ ಮಾಯವಾಯಿತು. ಅಂಟಿಸಿಬಿಟ್ಟರೆ ಇನ್ನು ಜನ್ಮದಲ್ಲಿ ಕಾಣುವುದಿಲ್ಲ. ಮುಂದಿನ ವಾರ ಭಾವ ಹೊಸದಾಗಿ ಸೇರಿದ್ದ ಟ್ರ್ಯಾಕಿನ ಕ್ಲಬ್ಬಿನವರು ನೋಡಲು ಬರುತ್ತಾರೆ, ಅವರಿಗೂ ಪಂಜರ ಬೇಕಂತೆ. ಅವರಿಗೆ ಏನು ತೋರಿಸುವುದು, ಫೋಮನ್ನೇ? ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಗಮ್ಮಿಗೇನು ಕಡಿಮೆ ಎಂದುಕೊಂಡ. ಭಾವ "ಅವಳೇನಂದ್ಲು?" ಎಂದು ಕೇಳಿದರು.

"ಪಟ್ಟಿ ಗಟ್ಟಿಯಾಗಿ ಕಟ್ಕೊಳ್ಳಿ ಅಂದ್ಲು," ಎಂದ ಕಿಡಿ. ರಸ್ತೆಯ ಮಾತನ್ನು ಎತ್ತಲೇ ಇಲ್ಲ. ಎತ್ತಿದ್ದರೆ, ಇಷ್ಟು ದಿನ ಮಾಡಿದ್ದು ತಿಂಗಳಿಗೊಂದು ಭಾನುವಾರದ ಭಾಗ್ಯಕ್ಕಾ ಎಂದು ಭಾವ ರಾಗ ತೆಗೆಯುತ್ತಿದ್ದರು. ಆಮೇಲೆ ಕಾರೂ ಶೀಟು ಹೊದ್ದು ಮೂಲೆ ಸೇರುತ್ತಿತ್ತು. ನಾಳೆ ನಾಡಿದ್ದು ಸಮಯ ನೋಡಿ ಹೇಳಿದರಾಯಿತು ಎಂದುಕೊಂಡ.

ಮೊದಲ ಭಾನುವಾರ ಭಾವ ಟ್ರ್ಯಾಕಿಗೆ ಇಳಿದರು. ಹೆಲ್ಮೆಟ್ಟು, ಕೈಗವಸು, ಮೈಗೆ ಬಿಗಿಯುವ ಬೆಲ್ಟು, ಎಲ್ಲ ಇತ್ತು, ವೇಗವೊಂದಿರಲಿಲ್ಲ. ತಿರುವು ಬಂದಲ್ಲೆಲ್ಲ ಇಂಡಿಕೇಟರ್ ಹಾಕಿದರು. ಹಿಂದೆ ಬಂದವರೆಲ್ಲ ಎರಡೆರಡು ಸಲ ದಾಟಿಕೊಂಡು ಹೋದರು. ಕೊನೆಗೆ ಧ್ವಜ ಹಿಡಿದವನು ಇವರ ಕಾರು ಕೆಟ್ಟಿದೆ ಎಂದು ತಿಳಿದು ಎಳೆಯುವ ಲಾರಿ ಕರೆಸಿದ. ಇಷ್ಟಾದರೂ ಭಾವ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದರು. "ಆ ಪಂಜರದೊಳಗೆ ಕೂತ್ರೆ ಎಂಥಾ ಧೈರ್ಯ ಬರತ್ತೆ ಗೊತ್ತಾ!" ಎಂದು ಅಕ್ಕನಿಗೆ ಮೂರು ದಿನ ಹೇಳಿದರು.

ಧೈರ್ಯ ಬಂದದ್ದು ಅವರೊಬ್ಬರಿಗೇ ಅಲ್ಲ. ಸ್ಕೂಲಿನ ಕಾರು ದಿನವಿಡೀ ಕಲಿಯುವವರ ಕೈಯಲ್ಲಿರುತ್ತಿತ್ತು. ಇದು ಅಂಗಳದಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಹಿಂದಿನ ಸೀಟು ಕಿತ್ತಿದ್ದರಿಂದ ಪರದೆಯ ಗಂಟು ಹಾಕಲು ಬೇಕಾದಷ್ಟು ಜಾಗ. ಎರಡನೇ ವಾರದಿಂದಲೇ ಅಕ್ಕ ಅದರಲ್ಲಿ ಓಡಾಡತೊಡಗಿದಳು.

ಕಿಡಿಗೆ ಗೊತ್ತಾದದ್ದು ತರಕಾರಿ ಅಂಗಡಿಯ ಎದುರು. ಬೆಸುಗೆಯ ರಾಡು ತರಲು ಹೊರಟಿದ್ದವನು ರಸ್ತೆಯ ಆಚೆ ಬದಿಯಲ್ಲಿ ಕಾರು ನಿಂತಿರುವುದನ್ನು ನೋಡಿದ. ಒಳಗೆ ಯಾರೂ ಇಲ್ಲ. ಪಂಜರಕ್ಕೆ ಪ್ಯಾಡೂ ಇಲ್ಲ. ಬರೀ ಪೈಪು, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಇಬ್ಬರು ಗಂಡಸರು ಕಿಟಕಿ ಗಾಜಿಗೆ ಅಂಗೈ ಅಡ್ಡ ಹಿಡಿದು ಒಳಗೆ ಇಣುಕುತ್ತಿದ್ದರು.

"ಏನ್ ಬೆಸುಗೆ ನೋಡ್ರೀ! ಮಿಷನ್ನಲ್ಲಿ ಮಾಡಿದಂಗಿದೆ."

"ಮಿಷನ್ ಎಲ್ಲಿ ಬರತ್ತೆ ಅಲ್ಲಿಗೆಲ್ಲ? ಕೈಯಲ್ಲೇ ಮಾಡಿರೋದು. ಯಾರೋ ದೊಡ್ಡ ಕಸುಬುದಾರ."

ಕಿಡಿಯ ಮನಸ್ಸಿಗೆ ಮೊದಲು ಬಂದದ್ದು ಭಾವ. ಕೊಳೆಯಾಗುತ್ತದೆಂದು ಪ್ಯಾಡು ಬಿಚ್ಚಿ ಭಾನುವಾರಕ್ಕೆ ಎತ್ತಿಟ್ಟಿರಬೇಕು, ಹೊಸ ಸೋಫಾಕ್ಕೆ ಪ್ಲಾಸ್ಟಿಕ್ಕು ಹೊದಿಸಿ ಹತ್ತು ವರ್ಷ ಬೆವರಿದ ಮನುಷ್ಯ! ಹೋಗಿ ಬೈಯಬೇಕು, ಅಕ್ಕ ಅಂಗಡಿಯಿಂದ ಬಂದರೆ ಅಲ್ಲೇ ತಡೆಯಬೇಕು ಎಂದುಕೊಂಡ. ಹೆಜ್ಜೆಯನ್ನೂ ಎತ್ತಿದ. ಅಷ್ಟರಲ್ಲಿ ಮೂರನೆಯವನೊಬ್ಬ ಬಂದು ಇಣುಕಿ "ಅಬ್ಬಾ!" ಎಂದ. ಕಿಡಿ ಎತ್ತಿದ ಹೆಜ್ಜೆಯನ್ನು ಕೆಳಗಿಟ್ಟ. ರಸ್ತೆಯ ಈಚೆಯೇ, ಒಂದು ಕಂಬದ ಪಕ್ಕ, ಸುಮಾರು ಹತ್ತು ನಿಮಿಷ ನಿಂತ. ಆಮೇಲೆ ಅಕ್ಕ ಸೊಪ್ಪಿನ ಚೀಲ ಹಿಡಿದು ಬಂದು, ಆ ಮೂವರಿಗೂ ಏನೋ ಹೇಳಿ ನಕ್ಕು, ಕಾರು ಹತ್ತಿ ಹೋದಳು. ನಾಳೆ ಖಂಡಿತ ಹೇಳಿಬಿಡಬೇಕು ಎಂದುಕೊಂಡು ಕಿಡಿ ರಾಡು ತರಲು ಹೋದ. ದಾರಿಯುದ್ದಕ್ಕೂ ಶಿಳ್ಳೆ ಹಾಕಿದ.

ಆ ನಾಳೆ ಎಂಟು ದಿನ ಬರಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಅಕ್ಕ ಆಸ್ಪತ್ರೆಯೊಂದಕ್ಕೆ ಪರದೆ ಕೊಡಲು ಹೊರಟಿದ್ದಳು. ಬಲಗಡೆಯ ಗಲ್ಲಿಯಿಂದ ಬ್ರೆಡ್ಡಿನ ವ್ಯಾನು ಹೊರಗೆ ಬಂತು. ವೇಗವೇನೂ ಇರಲಿಲ್ಲ. ಸೈಕಲ್ ಹೊಡೆಯುವವನು ನಾಚಿಕೊಳ್ಳುವಷ್ಟು ನಿಧಾನವಾಗಿ ಬಂದು ಬಾಗಿಲಿಗೆ ಗುದ್ದಿತು. ಬಾಗಿಲಲ್ಲಿ ತಟ್ಟೆಯಗಲದ ತಗ್ಗು. ವ್ಯಾನಿನೊಳಗೆ ಒಂದು ಬ್ರೆಡ್ಡೂ ಕೆಳಗೆ ಬೀಳಲಿಲ್ಲ. ಅಕ್ಕನ ತಲೆ ಮಾತ್ರ ಬಲಕ್ಕೆ ವಾಲಿ, ಬಾಗಿಲ ಮೇಲಂಚಿನಲ್ಲಿ ಹೋಗುವ ಪೈಪಿಗೆ ಬಡಿಯಿತು. ಪಂಜರವಿಲ್ಲದಿದ್ದರೆ ಆ ಜಾಗದಲ್ಲಿ ಬರೀ ಗಾಳಿ ಇರುತ್ತಿತ್ತು, ಅದರಾಚೆ ಮೆತ್ತನೆಯ ಬಟ್ಟೆಯ ಒಳಮಾಡು.

ಪರದೆ ಕೊಡಬೇಕಾಗಿದ್ದ ಆಸ್ಪತ್ರೆಗೇ ಅವಳನ್ನು ತಂದರು.

ಕಿಡಿ ಶೆಡ್ಡಿನಿಂದ ಓಡಿ ಬಂದಾಗ ಡಾಕ್ಟರು ಕಾರಿಡಾರಿನಲ್ಲಿ ಭಾವನೊಂದಿಗೆ ಮಾತಾಡುತ್ತಿದ್ದರು. ಬಲಗಿವಿಯ ಹತ್ತಿರದ ಮೂಳೆ ಬಿರಿದಿದೆ, ಒಳಗೆ ರಕ್ತ ಕಟ್ಟಿದೆ, ಎಚ್ಚರ ಇಲ್ಲ, ನಾಳೆಯವರೆಗೆ ಏನೂ ಹೇಳಲಾಗದು ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದರು, "ಇಷ್ಟು ಸಣ್ಣ ಡಿಕ್ಕಿಗೆ ಇಷ್ಟು ಪೆಟ್ಟು ಹೇಗಾಯ್ತು? ಕಾರೊಳಗೆ ಏನಿತ್ತು?"

"ಸೇಫ್ಟಿ ಕೇಜ್ ಇತ್ತು ಡಾಕ್ಟ್ರೇ," ಎಂದರು ಭಾವ.

ಡಾಕ್ಟರು ಒಳಗೆ ಹೋದರು. ಭಾವನ ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಕಿಡಿಯನ್ನು ನೋಡಿದರು, ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿರಬೇಕು, ಪಾಪ, ಬಾಯಿಗೆ ಬಂದದ್ದನ್ನು ಹೇಳಿದರು.

"ಕಾರು ನೋಡ್ಕೊಂಡು ಬಂದೆ ಕಣೋ. ನಿನ್ನ ಪಂಜರಕ್ಕೆ ಒಂದು ಗೀರೂ ಬಿದ್ದಿಲ್ಲ."

ಕಿಡಿಯ ತಲೆಗೆ ಬೆಂಕಿ ಹತ್ತಿತು. "ನೀವು ಮನುಷ್ಯರಾ?" ಎಂದು ಶುರುಮಾಡಿದವನು ನಿಲ್ಲಿಸಲಿಲ್ಲ. ಪ್ಯಾಡು ಯಾಕೆ ಬಿಚ್ಚಿದಿರಿ ಎಂದ. ಕೊಳೆಯಾಗತ್ತೆ ಅಂತಾನಾ, ಷೋಕೇಸಲ್ಲಿ ಇಡ್ತೀರಾ ಅದನ್ನ ಎಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅನ್ನೋ ಜನ ನೀವು, ಇಪ್ಪತ್ತರ ಸ್ಪೀಡಲ್ಲಿ ಹೋಗೋಕೆ ಕೈಗವಸು ಬೇರೆ ಎಂದ. ನನ್ನ ಅಕ್ಕನ ಜೀವಕ್ಕೆ ಏನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ ಎಂದ. ನರ್ಸು ಬಂದು ಗದರಿಸಿದರೂ ಕೇಳಲಿಲ್ಲ.

"ನಾನು ತೆಗೀಲಿಲ್ಲ ಕಣೋ," ಎಂದರು ಭಾವ ಒಂದೇ ಸಲ, ಸಣ್ಣ ದನಿಯಲ್ಲಿ.

"ಹಂಗಾದ್ರೆ ತಾನಾಗೇ ಬಿಚ್ಕೊಂಡು ಹೋಯ್ತಾ? ಅದಕ್ಕೇನು ಕಾಲಿದೆಯಾ?"

ಭಾವ ಬೆಂಚಿನ ಮೇಲೆ ಕೂತು, ಎರಡೂ ಅಂಗೈಯನ್ನು ಮಂಡಿಯ ಮೇಲಿಟ್ಟುಕೊಂಡು, ನೆಲ ನೋಡಿದರು. ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಗಮ್ಮಿನ ಮಾತು ಕಿಡಿಗೆ ಆಗ ನೆನಪಿಗೆ ಬಂತೇ ಎಂದು ಕೇಳಬೇಡಿ. ಬೇಡವಾದದ್ದು ಬೇಕಾದ ಹೊತ್ತಿಗೆ ನೆನಪಾಗದಿರುವುದೂ ಒಂದು ಕಸುಬು. ಅದರಲ್ಲೂ ಅವನ ಕೈ ಪಳಗಿತ್ತು.

ಮಾರನೇ ಬೆಳಿಗ್ಗೆ ಕಿಡಿ ಕಾರನ್ನು ಶೆಡ್ಡಿಗೆ ಎಳೆಸಿಕೊಂಡು ಬಂದು ಗ್ರೈಂಡರ್ ಹಚ್ಚಿದ. ಪಂಜರವನ್ನು ಕತ್ತರಿಸಿ ಗುಜರಿಗೆ ಹಾಕುವುದೆಂದು ತೀರ್ಮಾನಿಸಿಯಾಗಿತ್ತು. ಬೀದಿಯವರು ಸೇರಿದರು. ಕ್ಲಬ್ಬಿನಿಂದ ಭಾವನ ಹಳೆಯ ಶಿಷ್ಯನೂ ಬಂದಿದ್ದ, ತನಗೊಂದು ಪಂಜರ ಕಟ್ಟಿಸಬೇಕೆಂದು ಕೇಳಲು.

"ಅಯ್ಯಯ್ಯೋ, ಇಂಥಾ ಕೆಲಸಾನ ಯಾಕ್ರೀ ಕತ್ತರಿಸ್ತಿದ್ದೀರಾ?"

"ಇದನ್ನ ಇಟ್ಕೊಳ್ಳೋ ಯೋಗ್ಯತೆ ನಮ್ಮ ಭಾವನಿಗಿಲ್ಲ," ಎಂದ ಕಿಡಿ, ಎಲ್ಲರಿಗೂ ಕೇಳುವಂತೆ.

ಮಾಡಿನ ಸಂದಿನಲ್ಲಿ ಗ್ರೈಂಡರಿನ ಚಕ್ರ ಇಳಿಯಿತು. ಪೈಪು ಎರಡಾದಾಗ ಕಿಡಿ ಕತ್ತರಿಸಿದ ಮೋರೆಯನ್ನು ಬೆಳಕಿಗೆ ಹಿಡಿದು ನೋಡಿದ. ಬೆಸುಗೆ ಆಳದವರೆಗೂ ಇಳಿದಿತ್ತು. ಎಲ್ಲೂ ಪೊಳ್ಳಿರಲಿಲ್ಲ, ಗುಳ್ಳೆಯಿರಲಿಲ್ಲ. ಅವನಿಗೆ ಅಳು ಬಂತು. ಅಕ್ಕನಿಗಾಗಿ ತನ್ನ ಬಾಳಿನ ಒಂದೇ ಒಂದು ಒಳ್ಳೆಯ ಕೆಲಸವನ್ನು ತಾನೇ ಕೈಯಾರೆ ಕತ್ತರಿಸುತ್ತಿದ್ದೇನೆ ಎಂದು ಎದೆ ಉಬ್ಬಿತು. ತ್ಯಾಗ ಮಾಡುವುದರಲ್ಲಿ ಇ‍ಷ್ಟೊಂದು ಸುಖವಿದೆಯೆಂದು ಅವನಿಗೆ ಅವತ್ತೇ ಗೊತ್ತಾದದ್ದು. ಮಧ್ಯಾಹ್ನದ ಹೊತ್ತಿಗೆ ಪಂಜರದ ತುಂಡುಗಳು ಶೆಡ್ಡಿನ ಮೂಲೆ ಸೇರಿದವು. ತೋಳಿನ ಮೇಲಿನ ಕಬ್ಬಿಣದ ಪುಡಿಯನ್ನು ಒರೆಸಿಕೊಳ್ಳದೆ ಆಸ್ಪತ್ರೆಗೆ ಹೊರಟ. ಒರೆಸಿಕೊಂಡರೆ ಅಕ್ಕನಿಗೆ ಕಾಣುವುದು ಹೇಗೆ?

ಅಕ್ಕನಿಗೆ ಬೆಳಿಗ್ಗೆಯೇ ಎಚ್ಚರವಾಗಿತ್ತು. ಜೀವಕ್ಕೆ ಅಪಾಯವಿಲ್ಲ ಎಂದಿದ್ದರು. ತಲೆಗೆ ದಪ್ಪನೆಯ ಬಿಳಿ ಪಟ್ಟಿ, ಮುಖದ ಬಲಭಾಗ ಬಾತು ಕಣ್ಣು ಮುಚ್ಚಿಹೋಗಿತ್ತು. ಹಾಸಿಗೆಯ ಎಡಬದಿಯ ಕುರ್ಚಿಯಲ್ಲಿ ಭಾವ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು, ಅಂಗಿ ನಿನ್ನೆಯದೇ. ಕಿಡಿ ಅವರ ಮುಖ ನೋಡದೆ ಬಲಬದಿಗೆ ಹೋಗಿ ಸ್ಟೂಲು ಎಳೆದುಕೊಂಡು ಕೂತ. ಅಕ್ಕ ಕಷ್ಟಪಟ್ಟು ತಲೆ ಹೊರಳಿಸಿ ಅವನನ್ನು ನೋಡಿದಳು.

"ಇವರಿಗ್ಯಾಕೋ ಹಂಗೆ ಬೈದೆ? ನರ್ಸಮ್ಮ ಎಲ್ಲ ಹೇಳಿದ್ಲು."

ಕಿಡಿ ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು, "ಪ್ಯಾಡ್ ಬಿಚ್ಚಿದ್ದು ನಾನು ಕಣೋ. ಇವರಿಗೆ ಗೊತ್ತೇ ಇರ್ಲಿಲ್ಲ. ಹೊರಗೆ ಹೋಗುವಾಗ ಬಿಚ್ಚಿ ಹಿಂದೆ ಹಾಕ್ತಿದ್ದೆ, ಮನೆಗೆ ಬಂದು ಮತ್ತೆ ಕಟ್ಟಿಡ್ತಿದ್ದೆ."

ಕಿಡಿ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಯಾಕೆ ಅಂತ ಕೇಳ್ಬೇಡ. ಸಿಗ್ನಲ್ಲಲ್ಲಿ ನಿಂತ್ರೆ ಪಕ್ಕದ ಕಾರೋರು ಬಗ್ಗಿ ಬಗ್ಗಿ ನೋಡೋರು. ಅಂಗಡಿ ಮುಂದೆ ಜನ ಸೇರೋರು. ಯಾರಮ್ಮ ಮಾಡಿದ್ದು ಅಂತ ಕೇಳೋರು. ನನ್ನ ತಮ್ಮ ಅಂತಿದ್ದೆ. ಹದಿನೆಂಟು ವರ್ಷ ಗೇಟು ಮಾಡ್ದೆ, ಒಬ್ರಾದ್ರೂ ಕೇಳಿದ್ರಾ? ಅಷ್ಟು ಚಂದ ಮಾಡಿರೋದನ್ನ ಮುಚ್ಚಿಟ್ರೆ ಯಾರಿಗೆ ಕಾಣತ್ತೆ?" ಅವಳು ನಗಲು ಹೋದಳು, ಮುಖ ನೋಯಿತು, ನಿಲ್ಲಿಸಿದಳು. "ನನ್ನ ಬುದ್ಧಿಗೆ ಬೆಂಕಿ ಬಿತ್ತು. ನಿಂದೇನೂ ತಪ್ಪಿಲ್ಲ, ಇವರದೂ ಇಲ್ಲ."

ಭಾವ ಗಂಜಿಯನ್ನು ಕಲಕುತ್ತ ಕೂತಿದ್ದರು. ಇದೆಲ್ಲ ಅವರಿಗೆ ಬೆಳಿಗ್ಗೆಯೇ ತಿಳಿದಿರಬೇಕು, ಆದರೂ ಕಿಡಿಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು.

ಕಿಡಿ ಬಗ್ಗಿ, ಅಕ್ಕನ ತಲೆಯ ಪಟ್ಟಿಯ ಹತ್ತಿರ ಬಾಯಿ ತಂದು, ಭಾವನಿಗೆ ಕೇಳಿಸದ ಹಾಗೆ ಎಲ್ಲವನ್ನೂ ಹೇಳಿದ. ಗಮ್ಮಲ್ಲಿ ಅಂಟಿಸು ಎಂದು ಸುತ್ತಿಗೆಯಮ್ಮ ತನಗೆ ಹೇಳಿದ್ದು, ಹೆಲ್ಮೆಟ್ ಇಲ್ಲದೆ ರಸ್ತೆಗೆ ಇಳಿಸಬೇಡಿ ಎಂದದ್ದು, ತಾನು ಎರಡನ್ನೂ ನುಂಗಿಕೊಂಡದ್ದು. ತರಕಾರಿ ಅಂಗಡಿಯ ಎದುರು ಬರೀ ಪೈಪು ನೋಡಿಯೂ, ಆ ಮೂವರ ಹೊಗಳಿಕೆ ಕೇಳುತ್ತ ಕಂಬದ ಪಕ್ಕ ನಿಂತದ್ದು. ಹೇಳಿ ಮುಗಿಸುವ ಹೊತ್ತಿಗೆ, ಹೇಗೋ ಹೇಳಿಬಿಟ್ಟೆನಲ್ಲ ಎಂದು ಒಂದು ಕ್ಷಣ ಅವನಿಗೆ ಹಗುರವಾಯಿತು.

ಅಕ್ಕ ಅವನ ತುಟಿಗಳ ಕಡೆ ನೋಡಿದಳು.

"ಏನೋ ಹೇಳ್ದೆ? ಆ ಕಿವಿ ಹೋಯ್ತಂತೆ ಕಣೋ, ಇನ್ನು ಕೇಳಿಸಲ್ವಂತೆ. ಬೆಳಿಗ್ಗೆ ಡಾಕ್ಟ್ರು ಹೇಳಿದ್ರು. ಈ ಕಡೆ ಬಂದು ಹೇಳು."

ಕಿಡಿ ಎದ್ದ. ಹಾಸಿಗೆಯ ಕಾಲಬದಿಯಿಂದ ಸುತ್ತಿಕೊಂಡು ಎಡಬದಿಗೆ ಬಂದ. ಭಾವ ಕುರ್ಚಿ ಬಿಟ್ಟುಕೊಟ್ಟರು, ಆದರೆ ಹೊರಗೆ ಹೋಗಲಿಲ್ಲ, ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತರು. ಅಕ್ಕ ಅವನ ತೋಳು ಹಿಡಿದುಕೊಂಡಳು, ಅವಳ ಬೆರಳಿಗೆ ಕಬ್ಬಿಣದ ಪುಡಿ ಅಂಟಿತು.

"ಗಟ್ಟಿಯಾಗಿ ಹೇಳೋ," ಎಂದಳು.

"ಅಕ್ಕ, ಪ್ಯಾಡ್ ಅಂಟಿಸು ಅಂತ ಸುತ್ತಿಗೆಯಮ್ಮ ಹೇಳಿದ್ಲು," ಎಂದ ಕಿಡಿ. "ನನಗೇ ಹೇಳಿದ್ಲು."